ರಸೀದಿ ಇಲ್ಲದ ಹಾಲು

ದುದ್ದದ ಹತ್ತಿರ, ನಮ್ಮೂರ ಮಹಿಳಾ ಡೈರಿಯಲ್ಲಿ
ಹಾಲು ಅಳೆಯುವವಳು ನಾನು.
ಎಂಥ ಚಳಿಗೂ ಆರಕ್ಕೆ ಬಾಗಿಲು ತೆಗೆದು
ಫ್ಯಾಟು ನೋಡಿ, ಡಿಗ್ರಿ ನೋಡಿ, ರಸೀದಿ ಹರಿದು ಕೊಡುತ್ತೇನೆ.
ನೂರು ಮಿಲಿ ಹೆಚ್ಚುಕಡಿಮೆಯಾದರೆ
ಪುಟ್ಟನಂಜಮ್ಮ ಊರೇ ಒಂದು ಮಾಡುತ್ತಾಳೆ.
"ಕರು ಹಾಕಿ ಐದು ದಿನ ಗಿಣ್ಣುಹಾಲು ತರಬೇಡಿ,
ಅದು ಕರುವಿನದು"
ಎಂದು ಗೋಡೆಯ ಮೇಲೆ ಬರೆದವಳೂ ನಾನೇ.

ಆ ವರ್ಷ, ಮೇ ತಿಂಗಳು.
ಹಾಸನದ ದೊಡ್ಡಾಸ್ಪತ್ರೆಯ ಗೇಟಿನಲ್ಲೇ ಅವ್ವನನ್ನು ತಡೆದರು.
ಅವಳ ಕೈಯ ಬಿಸಿನೀರಿನ ಫ್ಲಾಸ್ಕು ಮಾತ್ರ ಒಳಗೆ ಬಂತು.
ನೋವು ಏರುತ್ತಿರುವಾಗಲೇ ಮೂಗಿಗೆ ಕಡ್ಡಿ.
ಮಾಸ್ಕಿನೊಳಗೆ ಉಸಿರು ಬಿಡಲೋ, ತಿಣುಕಲೋ?
ಬಿಳೀ ಚೀಲದಂಥ ಬಟ್ಟೆಯೊಳಗೆ ಎಲ್ಲರೂ ಒಂದೇ ಥರ;
ಬೆನ್ನ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರು:
ಜಸಿಂತಾ.
ನನ್ನ ಕಡೆ ತಿರುಗಿದಾಗ ಅವರಿಗೆ ಹೆಸರಿಲ್ಲ,
ಬಿಟ್ಟು ಹೋಗುವಾಗ ಮಾತ್ರ ಗುರುತು.

ಮಗು ಅತ್ತಿತು. ಕಂಡಿದ್ದು ಒಂದು ಕಿವಿ, ಅಷ್ಟೇ.
"ರಿಪೋರ್ಟು ಬರಲಿ ಕಣಮ್ಮ, ಆಮೇಲೆ ಕೊಡ್ತೀವಿ."

ಎರಡನೇ ದಿನಕ್ಕೆ ಎದೆ ಕಲ್ಲು.
ಕರು ಕಾಣದ ಹಸು ಹೇಗೆ ಕೂಗುತ್ತದೆಂದು ಬಲ್ಲೆ.
ವಾರ್ಡಿನಲ್ಲಿ ಕೂಗುವಂತಿಲ್ಲ.
ಸ್ಟೀಲಿನ ಲೋಟಕ್ಕೆ ಹಿಂಡಿದೆ.
ಹಳದಿ. ಮಂದ. ಗಿಣ್ಣು.
ಅಭ್ಯಾಸಬಲ, ಬೆಳಕಿಗೆ ಹಿಡಿದು ನೋಡಿದೆ:
ನೀರು ಬೆರೆತಿಲ್ಲ.
ಬೇಸಿನ್ನಿಗೆ ಸುರಿದೆ.
ಮತ್ತೆ ಹಿಂಡಿದೆ, ಮತ್ತೆ ಸುರಿದೆ.
ಎಷ್ಟೆಂದು ಕೇಳಬೇಡಿ,
ನಾನು ಅಳೆಯದೇ ಬಿಟ್ಟ ಹಾಲು ಅದೊಂದೇ.

ಪಕ್ಕದ ಮಂಚದಲ್ಲಿ ಅರಕಲಗೂಡಿನ ನಸೀಬಾ.
ಅವಳ ಮಗು ಉಳಿದಿರಲಿಲ್ಲ,
ಹಾಲಿಗೆ ಅದು ಗೊತ್ತಿರಲಿಲ್ಲ.
ಅವಳು ನನ್ನ ಬೆನ್ನು ಒತ್ತಿದಳು, ನಾನು ಅವಳದು.
ಆರಡಿ ದೂರ ಇರಿ ಎಂದು ಗೋಡೆಯ ಮೇಲೆ ಬರೆದಿತ್ತು;
ಗೋಡೆಯ ಮೇಲೆ ಬರೆಯುವುದು ಸುಲಭ, ನನಗೆ ಗೊತ್ತು.

ಮೂರನೇ ರಾತ್ರಿ, ಎರಡೂವರೆ ಇರಬೇಕು,
ಜಸಿಂತಾ ಸಿಸ್ಟರು ಏನೂ ಹೇಳದೆ
ನನ್ನ ಲೋಟ ಎತ್ತಿಕೊಂಡು ಹೋದರು.
ಆಚೆ ಒಳಲೆ ತೊಳೆಯುವ ಸದ್ದು ಕೇಳಿಸಿತೋ,
ಕೇಳಿಸಿದಂತಾಯಿತೋ.

ಬೆಳಿಗ್ಗೆ ರಿಪೋರ್ಟು ಬಂತು. ನೆಗೆಟಿವ್.
ಕೆಳಗೆ ಮೊನ್ನೆಯ ತಾರೀಕು ಹಾಕಿತ್ತು.

ಈಗ ಮಗಳು ನನ್ನ ಜೊತೆ ಡೈರಿಗೆ ಬರುತ್ತಾಳೆ.
ಸಾಲಿನಲ್ಲಿ ನಿಂತವರ ರಸೀದಿ ಕಿತ್ತುಕೊಂಡು
ಚೂರುಚೂರು ಹರಿದು ಹಾಕುತ್ತಾಳೆ.
ಪುಟ್ಟನಂಜಮ್ಮ ಕೂಗಾಡುತ್ತಾಳೆ.
ಹರೀಲಿ ಬಿಡವ್ವ, ಅನ್ನುತ್ತೇನೆ,
ನಿಂಗೆ ಇನ್ನೊಂದು ಬರ್ಕೊಡ್ತೀನಿ.