ಹತ್ತರ ಜೊತೆಗೆ ಹನ್ನೊಂದು

ಟೆರೆಲ್ ಸೆನೆಗಲ್‌ಗೆ ತೊಂಬತ್ತೊಂಬತ್ತು ವರ್ಷ.
ಪೆಟ್ರೋಲ್ ಬಂಕಿನ ಗಲ್ಲಾ, ನೂರ ಹನ್ನೆರಡು ಡಾಲರು,
ಯಾರಿಗೂ ಸಿಗದ ಒಂದು ಪಿಸ್ತೂಲು.
ಅವನಿಗಾಗ ಹತ್ತೊಂಬತ್ತು. ಪೆನ್ಸಿಲ್ ಹಿಡಿದು ಕೂಡಿಸಿ ನೋಡಿದೆ:
ನೂರ ಹದಿನೆಂಟು ತುಂಬಿದಾಗ ಮನೆಗೆ ಬರುತ್ತಾನೆ.

ನಾನು ಒಡೀಲಿಯಾ ಫಾಂಟೆನೋ, ಸ್ಕೂಲ್ ಬಸ್ಸಿನ ಡ್ರೈವರು,
ಲೂಸಿಯಾನದ ಒಪೆಲೂಸಾಸ್ ಊರಿನವಳು.
ಆ ಆಗಸ್ಟಿನಲ್ಲಿ ಜ್ಯೂರಿಯ ಹನ್ನೊಂದನೆಯ ಕುರ್ಚಿ ನನ್ನದು,
ಹನ್ನೆರಡನೆಯದು ಕ್ಲೋವಿಸ್ ಗಿಡ್ರಿಯದು,
ಅಕ್ಕಿ ಗಿರಣಿಯ ವೆಲ್ಡರು. ಊಟದ ಡಬ್ಬಿಯ ಮುಚ್ಚಳದ ಮೇಲೆ
ಬೆರಳಾಡಿಸುತ್ತ ಕೂತಿರುತ್ತಿದ್ದ.

ಕೋಣೆಯ ಬಾಗಿಲು ಹಾಕಿ ಇನ್ನೂ ಗಂಟೆಯಾಗಿರಲಿಲ್ಲ.
ಮುಂದಾಳು ಕೈ ಎತ್ತಿಸಿದ, ಎಣಿಸಿದ,
‘ಹತ್ತಾಯ್ತು’ ಎಂದ,
ಆಲೂಗಡ್ಡೆ ತೂಗಿ ಮುಗಿಸಿದವನ ಹಾಗೆ.
ನಾನು ಬಾಯಿ ತೆರೆದಿದ್ದೆ. ತೆರೆದದ್ದು ಹಾಗೇ ಉಳಿಯಿತು.
ನಮ್ಮ ರಾಜ್ಯದಲ್ಲಿ ಆಗ ಹತ್ತು ಸಾಕಿತ್ತು.
ಹತ್ತರ ಜೊತೆಗೆ ಹನ್ನೊಂದು ಎನ್ನುತ್ತಾರಲ್ಲ,
ಆ ಹನ್ನೊಂದು ನಾನಾಗಲಿಲ್ಲ, ಅಷ್ಟೆ.

ನ್ಯಾಯಾಧೀಶರು ಚೀಟಿ ಹಂಚಿಸಿದರು: ಇದು ನಿಮ್ಮ ತೀರ್ಪೇ?
‘ಅಲ್ಲ’ ಎಂದು ಬರೆದೆ, ಹಾಳೆ ಹರಿಯುವಷ್ಟು ಒತ್ತಿ.
ಗುಮಾಸ್ತೆ ಎರಡು ಚೀಟಿಗಳನ್ನು ಬೇರೆ ಇಟ್ಟಳು,
ಅಕ್ಕಿಯಲ್ಲಿ ಸಿಕ್ಕ ಕಲ್ಲುಗಳನ್ನು ಇಡುವಂತೆ.

ಆಮೇಲೆ ವರ್ಷಗಳು. ನನ್ನ ಕೈಯಲ್ಲಿ ಮೂರು ಬಸ್ಸು ಬದಲಾದವು.
ಅವನ ಅಜ್ಜಿ ನಮ್ಮ ಚರ್ಚಿಗೇ ಬರತೊಡಗಿದಳು,
ನನ್ನ ಪಕ್ಕದ ಬೆಂಚು.
ನಾನು ಯಾವ ಕಡೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ,
ಕೀರ್ತನೆ ಪುಸ್ತಕ ಮಾತ್ರ ಹಂಚಿಕೊಂಡೆವು,
ಅವಳ ಕನ್ನಡಕ ಒಡೆದಿದ್ದ ಭಾನುವಾರಗಳಲ್ಲಿ.

ಒಂದು ನವೆಂಬರು ಮತಪತ್ರದ ಮೇಲೇ ಪ್ರಶ್ನೆ ಬಂತು:
ಹನ್ನೆರಡೂ ಜನ ಒಪ್ಪಲೇಬೇಕೆ?
ಬೇಕು ಎಂದೆ. ರಾಜ್ಯವೂ ಬೇಕು ಎಂದಿತು.
ಮುಂದೆ ವಾಷಿಂಗ್ಟನ್ನಿನ ದೊಡ್ಡ ಕೋರ್ಟು
ಹತ್ತು ಸಾಲದು ಎಂದಿತು. ಆ ರಾತ್ರಿ ಕೇಕ್ ಮಾಡಿದೆ,
ಪೆಕಾನ್ ಹಾಕಿ, ತಿನ್ನಲು ನಾನೊಬ್ಬಳೇ ಇದ್ದರೂ.
ವರ್ಷ ಕಳೆಯಿತು, ಇನ್ನೊಂದು ತೀರ್ಪು:
ನಿಯಮವೇನೋ ಸರಿ, ಅಪೀಲು ಮುಗಿದ ಹಳಬರಿಗೆ ಮಾತ್ರ ಸಲ್ಲದು.
ಕಾನೂನಿಗೆ ಕಣ್ಣಿರುವುದು ಮುಂದಕ್ಕಂತೆ.
ಬೆನ್ನ ಹಿಂದೆ ನಿಂತವನು ಕೆಮ್ಮಿದರೂ ತಿರುಗುವುದಿಲ್ಲ.

ಬ್ಯಾಟನ್ ರೂಜಿಗೆ ಹೋದೆ. ಶಾಸಕರ ಸಮಿತಿ ಎರಡು ನಿಮಿಷ ಕೊಟ್ಟಿತು.
ಹೇಳಿದೆ: ಅಂಗಡಿಯಲ್ಲಿ ಮೊಟ್ಟೆಯ ಡಬ್ಬಿ ಕೊಳ್ಳುವಾಗ
ನೀವೂ ಮುಚ್ಚಳ ತೆರೆದು ನೋಡುತ್ತೀರಿ ಸ್ವಾಮಿ,
ಎರಡು ಒಡೆದಿದ್ದರೆ, ಹತ್ತಿದೆಯಲ್ಲ ಎನ್ನುವುದಿಲ್ಲ.
ಒಬ್ಬರು ನಕ್ಕರು. ಗಂಟೆ ಹೊಡೆಯಿತು.
ಮಸೂದೆ ಆ ಕೋಣೆಯ ಹೊಸ್ತಿಲು ದಾಟಲಿಲ್ಲ.

ನನ್ನ ಮೊಟ್ಟೆಯ ಮಾತು ಪೇಪರಿನಲ್ಲಿ ಬಂದಿತ್ತು.
ಓದಿ ಟೆರೆಲ್ ಕಾಗದ ಬರೆದಿದ್ದಾನೆ, ಜೈಲಿನ ಮುದ್ರೆಯೊತ್ತಿ.
ಬೆಂಡೆ ಕೊಯ್ದು ಬೆರಳು ಒರಟಾಗಿದೆ,
ಅಕ್ಷರ ಕ್ಷಮಿಸಿ ಎಂದು ಮೊದಲ ಸಾಲು.
ಬಿಡುಗಡೆಯ ಮಾತಿಲ್ಲ. ಒಂದೇ ಪ್ರಶ್ನೆ:
ಆ ಹತ್ತು ಜನ ಕಾಣದ್ದು ನೀವಿಬ್ಬರು ಏನು ಕಂಡಿರಿ?

ಇದನ್ನು ಯಾರೂ ಕೇಳಿರಲಿಲ್ಲ.
ಬರೆದೆ: ಬೀದಿದೀಪದ ಬೆಳಕಲ್ಲಿ ಮುಖ ಕಂಡೆ ಎಂದಳಲ್ಲ ಸಾಕ್ಷಿ,
ಚೆರ್ರಿ ಬೀದಿಯ ಆ ಕಂಬ ಶಾಲೆ ತೆರೆದ ದಿನದಿಂದ ಕುರುಡು.
ನಸುಕಿನ ಐದೂವರೆಗೆ ಆ ತಿರುವಿನಲ್ಲಿ ದಿನಾ
ಹೆಡ್‌ಲೈಟ್ ಎತ್ತಿ ಹುಡುಕಬೇಕಿತ್ತು ನಾನು,
ಬಸ್ಸಿಗೆ ಕಾದು ನಿಂತ ಮಕ್ಕಳನ್ನು.

ಕ್ಲೋವಿಸ್ ಯಾಕೆ ಅಲ್ಲವೆಂದ? ನಾನು ಕೇಳಲೇ ಇಲ್ಲ.
ಲಿಫ್ಟಿನಲ್ಲಿ ಜೊತೆಗೇ ಇಳಿದೆವು. ಟೋಪಿ ಸರಿಮಾಡಿಕೊಂಡ,
ಸಂಜೆ ಮಳೆ ಬರಬಹುದು ಎಂದ.
ಚಂಡಮಾರುತದ ವರ್ಷ ತೀರಿಕೊಂಡ.

ಅವನ ಹೆಂಡತಿಗೆ ಫೋನು ಮಾಡಿದ್ದೇನೆ.
ಊಟದ ಡಬ್ಬಿ ಇನ್ನೂ ಗ್ಯಾರೇಜಿನಲ್ಲಿದೆಯಂತೆ,
ಹುಡುಕುತ್ತೇನೆ ಎಂದಳು.
ಏನನ್ನು ಎಂದು ಇಬ್ಬರಿಗೂ ಗೊತ್ತಿಲ್ಲ.
ಲಕೋಟೆ ಇನ್ನೂ ಅಂಟಿಸಿಲ್ಲ.