ಮೊಳೆ

ಶುಕ್ರವಾರ ಸಂಜೆ, ವಯಾಲಾ ಊರಿನ ಶಾಲೆ.
ಮಕ್ಕಳು ತಂತಮ್ಮ ಪ್ರಯೋಗ ಮೇಜಿಗಿಟ್ಟು
ಕೈ ಹಿಂದೆ ಕಟ್ಟಿ ನಿಂತಿದ್ದಾರೆ.
ನಾನಿಲ್ಲಿ ಗಾಜು ತೊಳೆಯುವವಳು.
ಹದಿಮೂರು ವರ್ಷದಲ್ಲಿ ಎಷ್ಟು ಜ್ವಾಲಾಮುಖಿಗಳ
ಅಡುಗೆ ಸೋಡಾ ಕೆರೆದಿದ್ದೇನೋ, ಲೆಕ್ಕವಿಲ್ಲ.

ಈ ಸಲವೂ ಮೂರು ಉಕ್ಕಿದವು.
ನಿಂಬೆಹಣ್ಣಿನ ದೀಪವೊಂದು ಮಿಣುಕಿ,
ಅಮ್ಮ ಫೋನು ಹೊರತೆಗೆಯುವಷ್ಟರಲ್ಲಿ ಆರಿತು.
ಒದ್ದೆ ಹತ್ತಿಯ ಮೇಲೆ ಯಾರದೋ ಬಟಾಣಿ
ಮೊಳೆತು, ಕಿಟಕಿಯ ಕಡೆ ಕತ್ತು ಹೊರಳಿಸಿದೆ.

ಅದರ ಪಕ್ಕ ಫೆನೆಲಾ ಕೆರ್.
ಆರು ಪ್ರನಾಳ, ಆರು ಕಬ್ಬಿಣದ ಮೊಳೆ.
ನಲ್ಲಿ ನೀರು. ಸಮುದ್ರದ ನೀರು. ಮಳೆ ನೀರು
(ಅದಕ್ಕೆ ಏಳು ವಾರ ಕಾದಳಂತೆ; ಈ ಊರಲ್ಲವೆ).
ಕುದಿಸಿ ಮೇಲೆ ಎಣ್ಣೆ ಹೊಯ್ದ ನೀರು.
ಬರೀ ಒಣಗಾಳಿ.
ಆರನೆಯದರ ಚೀಟಿಯಲ್ಲಿ: ತಾತನ ಚಹಾ.

ನನ್ನ ಮಾತಿನಲ್ಲಿ ಬಟಾಣಿಯದೂ ಮೊಳೆ, ಕಬ್ಬಿಣದ್ದೂ ಮೊಳೆ.
ಅದನ್ನಿಲ್ಲಿ ಯಾರಿಗೆ ಹೇಳಲಿ?

ತೀರ್ಪುಗಾರ ಪಾಸ್ಕೋ ಕನ್ನಡಕ ಏರಿಸಿದರು.
"ಚಹಾ ಯಾಕೆ?"
"ಮನೇಲಿ ಇತ್ತು."
ಅವಳ ಕೋಷ್ಟಕದಲ್ಲಿ ಎರಡೇ ಕಂಬ:
ಕೆಂಪಾಯಿತು, ಕೆಂಪಾಗಲಿಲ್ಲ.
ಚಹಾದ ಮೊಳೆ ಮಾತ್ರ ಕೆಂಪೂ ಆಗದೆ, ಹೊಳೆಯಲೂ ಒಲ್ಲದೆ
ಕಾಡಿಗೆಯ ಹಾಗೆ ಕಪ್ಪಾಗಿ ಕೂತಿದೆ.
ಹೌದು ಎಂದು ಬರೆದು ಹೊಡೆದು ಹಾಕಿದ್ದಾಳೆ,
ಇಲ್ಲ ಎಂದು ಬರೆದು ಹೊಡೆದು ಹಾಕಿದ್ದಾಳೆ,
ಆಮೇಲೆ ಅಂಚಿನಲ್ಲಿ, ಸಣ್ಣಗೆ: ಗೊತ್ತಿಲ್ಲ.

ಪಾಸ್ಕೋ ಎರಡು ಅಂಕ ಕಳೆದು ಮುಂದೆ ಹೋದರು.

ಆಗ ಬಂದ ಡೂಗಲ್ ಕೆರ್, ತಡವಾಗಿ,
ಬಾಗಿಲಲ್ಲೇ ಟೋಪಿ ತೆಗೆದು.
ಇಲ್ಲಿ ಹಡಗು ಕಟ್ಟುತ್ತಿದ್ದ ಕಾಲದಲ್ಲಿ
ಹಡಗಿನ ಹೊಟ್ಟೆಯಡಿ ಅಂಗಾತ ಮಲಗಿ
ತುಕ್ಕು ಕೆರೆದು ಬಣ್ಣ ಬಳಿದವನು.
ಕಪ್ಪು ಮೊಳೆಯನ್ನು ಸ್ವಲ್ಪ ಹೊತ್ತು ನೋಡಿದ.
"ನನ್ನ ಹೊಟ್ಟೆಯೂ ಹೀಗೇ ಇರಬೇಕು" ಎಂದ.
ಮೊಮ್ಮಗಳು ನಗಲಿಲ್ಲ.

ಸಮುದ್ರದ ನೀರಿನದನ್ನು ಬೆಳಕಿಗೆ ಹಿಡಿದ.
"ಇದನ್ನ ಯಾಕೆ ಬರೆದಿಲ್ಲ? ತಲೆ ನೋಡು, ತುದಿ ನೋಡು.
ನಡುಮೈ ಇನ್ನೂ ನೆಟ್ಟಗಿದೆ.
ತುಕ್ಕು ಮೊದಲು ಹಿಡಿಯೋದು ಪೆಟ್ಟು ತಿಂದ ಕಡೆ."
"ಪುಸ್ತಕದಲ್ಲಿ ಇಲ್ಲ."
"ಪುಸ್ತಕ ಹಡಗಿನ ಕೆಳಗೆ ಮಲಗಿತ್ತಾ?"

ನಾನು ಬಕೆಟ್ ಹಿಡಿದು ನಿಂತೇ ಇದ್ದೆ.
ಹಿರಿಯರ ಮಾತು, ತಲೆದೂಗುತ್ತಾಳೆ ಅಂದುಕೊಂಡೆ.
ಅವಳು ಪೆನ್ಸಿಲ್ ಕಚ್ಚಿ, ಬಿಟ್ಟು, ಅಂದಳು:
"ತಾತ ಹೇಳಿದ್ರು ಅಂತ ಬರೆಯೋಕೆ ಆಗಲ್ಲ.
ಹನ್ನೆರಡು ಹೊಸ ಮೊಳೆ ಬೇಕು.
ಆರನ್ನ ಬಗ್ಗಿಸಬೇಕು. ಆರನ್ನ ಮುಟ್ಟಬಾರದು.
ಒಂದೇ ನೀರು. ಒಂದೇ ದಿನ."

ಮುದುಕನ ಮುಖ ಒಮ್ಮೆ ಬಿಗಿಯಿತು.
ತನ್ನ ಬೆನ್ನಡಿ ಕಳೆದ ಅಷ್ಟೂ ವರ್ಷಗಳನ್ನು
ಈ ಹುಡುಗಿ ಒಂದು ಗಾಜಿನ ಕೊಳವೆಗೆ ಇಳಿಸಿ
ಕಾದು ನೋಡೋಣ ಅನ್ನುತ್ತಿದ್ದಾಳೆ.
ಆಮೇಲೆ ಕೋಟಿನ ಜೇಬು ತಡಕಿ, ಕೀಲಿ ತೆಗೆದು,
ಸುತ್ತಿಗೆ ಕಾರಿನಲ್ಲಿದೆ ಎಂದ.

ಬಹುಮಾನ ಬಟಾಣಿಗೆ ಹೋಯಿತು.

ಎಲ್ಲರೂ ಹೋದ ಮೇಲೆ ತೊಳೆಯಲು ಕೂತೆ.
ಸೋಡಾ, ನಿಂಬೆಸಿಪ್ಪೆ, ಅಂಟಿದ ಹತ್ತಿ.
ಚಹಾದ ಪ್ರನಾಳದ ಕೊರಳಿಗೆ ಹೊಸ ಚೀಟಿ:
ತೊಳೆಯಬೇಡಿ. ಇನ್ನೂ ಮುಗಿದಿಲ್ಲ.
ಅದನ್ನು ಕಿಟಕಿಯ ಮೇಲಿಟ್ಟೆ.
ಉಕ್ಕಿನ ಕಾರ್ಖಾನೆಯ ಕೆಂಪು ಧೂಳು
ಗಾಜಿನಾಚೆ ಎಂದಿನಂತೆ ಕೂತಿತ್ತು, ತೆಳ್ಳಗೆ.

ಹೊರಗೆ ಮೆಟ್ಟಿಲ ಕಲ್ಲಿನ ಮೇಲೆ
ಟಣ್ ಎಂದಿತು. ಸುಮ್ಮನಾಯಿತು.
"ಮೂರು" ಎಂದಳು ಹುಡುಗಿ.
ಮತ್ತೆ ಟಣ್.