ಎಡಕ್ಕೆ ಎಳೆಯುವ ಕತ್ತರಿ

"ಕೂದಲು ಕೊಳ್ತೀನಿ, ಕೂದಲು!"
ಸೇತುವೆ ಇಳಿದವರ ಕಿವಿಗೆ ಬೀಳುವ ಮೊದಲ ಮಾತು
ಈ ದೇಶದ್ದಲ್ಲ, ನನ್ನದು.

ಬೆಳಗಿನ ಐದಕ್ಕೇ ಲಾ ಪರಾದಾದ ಈ ಮೂಲೆ ಹಿಡಿಯುತ್ತೇನೆ:
ಪ್ಲಾಸ್ಟಿಕ್ ಕುರ್ಚಿ, ಬಾಚಣಿಗೆ, ರಬ್ಬರ್ ಬ್ಯಾಂಡು,
ದರ್ಜಿಯವರ ಟೇಪು.
ಪಕ್ಕದಲ್ಲಿ ಮೈಕೆಲ್, ಹನ್ನೊಂದು ವರ್ಷದವನು,
ನಮ್ಮ ದೇಶದ ನೋಟುಗಳನ್ನು ಮಡಚಿ ಮಡಚಿ ಕೈಚೀಲ ಹೆಣೆಯುತ್ತಾನೆ.
ಎಂಟುನೂರು ನೋಟಿಗೆ ಒಂದು ಚೀಲ.
ನೋಟುಗಳಿಗಿಂತ ಚೀಲಕ್ಕೇ ಬೆಲೆ ಹೆಚ್ಚು.
ಬಾರ್ಕಿಸಿಮೆತೊದಲ್ಲಿ ಹದಿನಾರು ವರ್ಷ ಗಣಿತ ಕಲಿಸಿದೆ,
ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೊದಲು ಮಾರಿದ್ದು ನನ್ನದನ್ನೇ.
ಸೊಂಟ ಮುಟ್ಟುತ್ತಿತ್ತು. ದಲ್ಲಾಳಿ ಅರವತ್ತು ಸಾವಿರ ಪೆಸೊ ಎಂದ,
ಎಣಿಸುವಾಗ ಐವತ್ತಾಯಿತು.
ಆಮೇಲೆ ಮೂರು ದಿನ
ಕೈ ತಾನಾಗಿ ಬೆನ್ನಿಗೆ ಹೋಗುವುದು,
ಬರಿದೇ ಬರುವುದು.
ನಾಲ್ಕನೆಯ ದಿನ ಅದೇ ದಲ್ಲಾಳಿಯ ಕತ್ತರಿ ಹಿಡಿದೆ.

ಬರುತ್ತಾರೆ. ಸೂಟ್‌ಕೇಸಿನ ಒಂದು ಚಕ್ರ ಕಳಚಿರುತ್ತದೆ,
ಮಗುವಿನ ಬಾಯಲ್ಲಿ ಕಾಗದದ ಚೂರಿರುತ್ತದೆ.
"ಸದ್ಯ, ಕೂದಲೂ ಕೊಂಕದೆ ದಾಟಿದೆವು" ಎನ್ನುತ್ತಾರೆ
ಈ ಕುರ್ಚಿಯಲ್ಲಿ ಕೂತು.
"ನನ್ನದು ತೊಗೊಳ್ಳಿ, ಹುಡುಗಿಯದು ಮುಟ್ಟಬೇಡಿ"
ಎಂದಳು ನಿನ್ನೆ ದೆಯಾನಿರಾ ಎಂಬಾಕೆ.
ಹುಡುಗಿ ಆಗಲೇ ತನ್ನ ಜಡೆ ಬಿಚ್ಚುತ್ತಿದ್ದಳು.

ಎರಡು ಜಡೆ ಒಂದು ಕಡೆ ಕೂಡದು ಅನ್ನುವ ಮಾತುಂಟು.
ನನ್ನ ಗೋಣಿಯಲ್ಲಿ ನಲವತ್ತು ಜಡೆ ತೆಪ್ಪಗೆ ಮಲಗಿವೆ:
ಕೆಂಪಂಗಿ ತೊಟ್ಟು ಮೆರವಣಿಗೆ ಹೋದವಳದು,
ಆ ಮೆರವಣಿಗೆಯ ಎದುರು ಕಿಟಕಿಯಲ್ಲಿ ನಿಂತು
ಪಾತ್ರೆ ಬಡಿದವಳದು,
ಎರಡಕ್ಕೂ ಒಂದೇ ರಬ್ಬರ್ ಬ್ಯಾಂಡು.
ಬಿಳಿಗೂದಲನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ.
ಮುದುಕಿಯರಿಗೆ ಹೇಳುವುದು ಕಷ್ಟ.
ಕುರ್ಚಿಯಿಂದ ಏಳಲು ಅವರಿಗೆ ಹೊತ್ತು ಹಿಡಿಯುತ್ತದೆ.

ಇಲ್ಲಿಂದ ಅವರು ನಡೆಯುತ್ತಾರೆ.
ಐದಾರು ದಿನದ ದಾರಿಯಲ್ಲಿ ಗುಡ್ಡದ ನೆತ್ತಿ, ಅದರ ಹೆಸರು ಬೆರ್ಲಿನ್.
ಮರವಿಲ್ಲ, ಗಾಳಿ ಮಾತ್ರ.
ನಾವು ಬಿಸಿಲಿನ ಜನ, ಚಪ್ಪಲಿಯವರು.
ಮಾರ್ಚಿಯಲ್ಲಿ ಈರುಳ್ಳಿ ಲಾರಿಯ ವಿಲ್ಮರ್ ಹೇಳಿದ,
ರಸ್ತೆ ಬದಿ ಒಬ್ಬಳು ಕೂತಿದ್ದಳಂತೆ, ಎಬ್ಬಿಸಿದರೆ ಏಳಲಿಲ್ಲವಂತೆ.
ಇಪ್ಪತ್ತೋ ಇಪ್ಪತ್ತೆರಡೋ. ಕತ್ತರಿಸಿದ ತಲೆ,
ಕಿವಿ ನೇರಳೆ ಹಣ್ಣಿನ ಬಣ್ಣ.
"ಎಡಗಡೆ ಒಂಚೂರು ಗಿಡ್ಡ," ಎಂದ, ತನ್ನ ತಲೆ ಮುಟ್ಟಿ ತೋರಿಸಿದ.
ನಾನು ಕೇಳಿರಲಿಲ್ಲ.

ನನ್ನ ಕತ್ತರಿ ಎಡಕ್ಕೆ ಎಳೆಯುತ್ತದೆ.

ಅಂದಿನಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ
ಉಣ್ಣೆಯ ಟೋಪಿ ಇಟ್ಟಿದ್ದೇನೆ.
ಕತ್ತರಿಸಿದ ತಲೆಗೆ ಕಿವಿ ಮುಚ್ಚುವಂತೆ ನಾನೇ ತೊಡಿಸುತ್ತೇನೆ,
ಕೂದಲಿನ ದುಡ್ಡಲ್ಲಿ ಎರಡು ಸಾವಿರ ಹಿಡಿದುಕೊಂಡು.
ಟೋಪಿ ಹಾಕುತ್ತೇನೆ ಅನ್ನಿ. ನಾನೇನೂ ವಾದಿಸುವುದಿಲ್ಲ.

ಸಂಜೆ ಜನ ತೆಳುವಾದಾಗ
ಮೈಕೆಲ್ ಟೇಪು ಎತ್ತಿಕೊಂಡು ನನ್ನ ಬೆನ್ನ ಹಿಂದೆ ನಿಲ್ಲುತ್ತಾನೆ.
"ಟೀಚರ್, ಮೂವತ್ತೊಂದು ಸೆಂಟಿಮೀಟರ್. ಮಾರಬಹುದು."
ತಿಂಗಳಿಗೆ ಒಂದೂಕಾಲು ಬೆಳೆಯುತ್ತದೆ, ಎಂದೆ,
ಹಾಗಾದರೆ ಕತ್ತರಿಸಿ ಎಷ್ಟು ತಿಂಗಳಾಯಿತು? ಭಾಗಿಸು.
ಚೀಲಕ್ಕೆಂದು ಮಡಚಿದ್ದ ನೋಟೊಂದನ್ನು ಬಿಡಿಸಿದ.
ವೀರರ ಮುಖ ತಪ್ಪಿಸಿ, ಅಂಚಿನ ಬಿಳಿ ಜಾಗದಲ್ಲಿ
ನಾಲಿಗೆ ಕಚ್ಚಿಕೊಂಡು ಬರೆದ, ಹೊಡೆದುಹಾಕಿದ, ಮತ್ತೆ ಬರೆದ.
"ಇಪ್ಪತ್ನಾಲ್ಕು. ಆದರೆ ಶೇಷ ಉಳಿಯುತ್ತೆ, ಟೀಚರ್.
ಅದನ್ನೇನು ಮಾಡಲಿ?"

ಸೇತುವೆಯ ಮೇಲೆ ದೀಪ ಹತ್ತಿತು.
ಕೊನೆಯ ಗುಂಪು ಇಳಿಯುತ್ತಿತ್ತು,
ಅದರಲ್ಲೊಬ್ಬಳು ತುಂಬುಗೂದಲಿನವಳು.
ನಾನು ಗಂಟಲು ಸರಿಮಾಡಿಕೊಂಡೆ.